‘ಒಪ್ಪಂದ ಮುರಿದವರು ಯಾರು?’: ಸಿಎಫ್‌ಇ ಜಗಳದ ಸುದ್ದಿಯನ್ನು ಹಂತ ಹಂತವಾಗಿ ಓದುವ ಬಗೆ

2023ರ ನವೆಂಬರ್ 7ರಂದು ರಷ್ಯಾ ಸಿಎಫ್‌ಇ ಒಪ್ಪಂದದಿಂದ, ಅಂದರೆ ಯುರೋಪಿನಲ್ಲಿ ಟ್ಯಾಂಕ್, ಫಿರಂಗಿಗಳಿಗೆ ಮಿತಿ ಹಾಕಿದ ಒಪ್ಪಂದದಿಂದ, ಹೊರಬಂತು. ಅವತ್ತಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇದೆ. "ಸರ್, ಕೊನೆಗೂ ಮುರಿದಿದ್ದು ರಷ್ಯಾನಾ, ನ್ಯಾಟೋನಾ?" ಕೇಳುವವರಲ್ಲಿ ಅರ್ಧಕ್ಕರ್ಧ ಪರೀಕ್ಷೆಗೆ ಓದುತ್ತಿರುವವರು. ಅವರಿಗೆ ಒಂದು ಸಾಲಿನ ಉತ್ತರ ಬೇಕು. ಆದರೆ ಈ ಪ್ರಶ್ನೆಯಲ್ಲೇ ಮೂರು ವಿಷಯ ಬಿಟ್ಟುಹೋಗಿದೆ: ಯಾವ ಕಲಂ, ಯಾವ ಜಾಗ, ಯಾವ ತಾರೀಕು. ಇಷ್ಟು ಗೊತ್ತಾದರೆ ಉತ್ತರ ತಾನಾಗೇ ಬರುತ್ತದೆ. ಗೊತ್ತಾಗದಿದ್ದರೆ ಎರಡೂ ಕಡೆಯವರು ಹೇಳಿದ್ದು ನಿಜ ಅನ್ನಿಸುತ್ತದೆ. ಹಾಗಾಗಿ ಇಲ್ಲಿ ತೀರ್ಪು ಕೊಡುತ್ತಿಲ್ಲ, ನೀವೇ ತೀರ್ಪಿಗೆ ಬರುವ ದಾರಿ ಹೇಳುತ್ತಿದ್ದೇನೆ.

ಶುರು ಮಾಡುವ ಮೊದಲು

ಸಿಎಫ್‌ಇ ಅಂದರೆ ಯುರೋಪಿನ ಸಾಂಪ್ರದಾಯಿಕ ಸೇನಾಬಲದ ಒಪ್ಪಂದ. ‘ಸಾಂಪ್ರದಾಯಿಕ’ ಅಂದರೆ ಅಣುಬಾಂಬು, ರಾಸಾಯನಿಕ ಅಸ್ತ್ರ ಬಿಟ್ಟು ಉಳಿದ ಮಾಮೂಲಿ ಆಯುಧ ಎಂದು ಅರ್ಥ. ಇದಕ್ಕೆ 1990ರ ನವೆಂಬರ್ 19ರಂದು ಪ್ಯಾರಿಸ್‌ನಲ್ಲಿ 22 ದೇಶಗಳು ಸಹಿ ಹಾಕಿದವು. ಅಮೆರಿಕ ನೇತೃತ್ವದ ನ್ಯಾಟೋ ಕಡೆಯಿಂದ 16, ಸೋವಿಯತ್ ನೇತೃತ್ವದ ವಾರ್ಸಾ ಕೂಟದಿಂದ 6. ಲೆಕ್ಕಕ್ಕೆ ಬರುವ ಸಾಮಗ್ರಿ ಐದೇ ಬಗೆ: ಟ್ಯಾಂಕ್, ಕವಚ ವಾಹನ, 100 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಬಾಯಿಯ ಫಿರಂಗಿ, ಯುದ್ಧ ವಿಮಾನ, ದಾಳಿ ಹೆಲಿಕಾಪ್ಟರ್. ಒಂದೊಂದು ಬಣಕ್ಕೆ 20,000 ಟ್ಯಾಂಕ್, 30,000 ಕವಚ ವಾಹನ, 20,000 ಫಿರಂಗಿ, 6,800 ವಿಮಾನ, 2,000 ಹೆಲಿಕಾಪ್ಟರ್ ಮಿತಿ. ಜಾಗ ಅಟ್ಲಾಂಟಿಕ್ ಸಾಗರದಿಂದ ಉರಲ್ ಪರ್ವತದವರೆಗೆ.

ನಿಮಗೆ ಬೇಕಾಗುವುದು ಎರಡೇ ವಸ್ತು. ಒಂದು, ಒಪ್ಪಂದದ ಪಠ್ಯ. ಅದು ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. 23 ಕಲಂ ಇದೆ ಅಂತ ಹೆದರಬೇಡಿ. ಇವಿಷ್ಟು ಸಾಕು: 2 (ಯಾವುದನ್ನು ಏನೆಂದು ಕರೆಯಬೇಕು), 3 (ಎಣಿಸುವ ನಿಯಮ), 4 (ಮಿತಿ), 5 (ಪಕ್ಕದ ವಲಯ, ಅಂದರೆ ಉತ್ತರ ಮತ್ತು ದಕ್ಷಿಣದ ಅಂಚು), 14 (ತಪಾಸಣೆ), 16 (ದೂರು ಎಲ್ಲಿ), 19 (ಹೊರಬರುವುದು ಹೇಗೆ). ಎರಡನೆಯದು, 1990ರ ಯುರೋಪಿನ ನಕ್ಷೆ. ಇವತ್ತಿನ ನಕ್ಷೆ ಇಟ್ಟುಕೊಂಡು ಕೂತರೆ ಮೊದಲ ಹತ್ತು ನಿಮಿಷದಲ್ಲೇ ದಾರಿ ತಪ್ಪುತ್ತೀರಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಜಗಳ ಯಾವ ಕಾಗದದ ಮೇಲೆ?

ಸುದ್ದಿಯಲ್ಲಿ ‘ಶಸ್ತ್ರಾಸ್ತ್ರ ಒಪ್ಪಂದ’ ಅಂತ ಮಾತ್ರ ಇದ್ದರೆ ನಿಲ್ಲಿ. ಯುರೋಪಿನಲ್ಲಿ ಒಂದರ ಮೇಲೊಂದು ಕಾಗದಗಳಿವೆ.

ಐಎನ್‌ಎಫ್ ಒಪ್ಪಂದ ಕ್ಷಿಪಣಿಗಳದ್ದು, 1987ರದು, 2019ರಲ್ಲಿ ಸತ್ತುಹೋಯಿತು. ಓಪನ್ ಸ್ಕೈಸ್ ಒಪ್ಪಂದ ಒಬ್ಬರ ನೆಲದ ಮೇಲೆ ಇನ್ನೊಬ್ಬರು ವಿಮಾನದಲ್ಲಿ ಹಾರಿ ನೋಡುವುದಕ್ಕೆ. ವಿಯೆನ್ನಾ ಡಾಕ್ಯುಮೆಂಟ್ ಅನ್ನುವುದು ಸೇನಾ ಕವಾಯತಿನ ಮಾಹಿತಿ ಮೊದಲೇ ಹೇಳುವ ವ್ಯವಸ್ಥೆ. ಇದಕ್ಕೆ ಸಂಸತ್ತಿನ ಒಪ್ಪಿಗೆಯ ಮುದ್ರೆ ಇಲ್ಲ, ಇದು ರಾಜಕೀಯ ಮಾತು ಮಾತ್ರ. ಇವು ಯಾವುವೂ ಸಿಎಫ್‌ಇ ಅಲ್ಲ.

ಇನ್ನೊಂದು ಗುಂಡಿ ಇದೆ, ಜಾಸ್ತಿ ಜನ ಬೀಳುವುದು ಅದಕ್ಕೇ. ಸಿಎಫ್‌ಇ ಹೆಸರಿನಲ್ಲೇ ಎರಡು ಕಾಗದ ಇವೆ. 1990ರದು ಮೂಲ. 1999ರ ನವೆಂಬರ್ 19ರಂದು ಇಸ್ತಾಂಬುಲ್‌ನಲ್ಲಿ 30 ದೇಶಗಳು ಸಹಿ ಹಾಕಿದ್ದು ‘ಪರಿಷ್ಕೃತ ಸಿಎಫ್‌ಇ’. ಈ ಎರಡನೆಯದು ಯಾವತ್ತೂ ಜಾರಿಗೇ ಬರಲಿಲ್ಲ. ಯಾರಾದರೂ "ಪರಿಷ್ಕೃತ ಒಪ್ಪಂದದ ಮಿತಿ ಮೀರಿದರು" ಅಂತ ಬರೆದಿದ್ದರೆ, ಮದುವೆಯೇ ಆಗದವರಿಗೆ ವಿಚ್ಛೇದನದ ನೋಟಿಸ್ ಕೊಟ್ಟ ಹಾಗೆ.

ಹಂತ 2: ದೂರಿನ ಬಗೆ ಗುರುತಿಸಿ

ಪತ್ರಿಕೆ ಓದಿದರೆ ಎಲ್ಲ ಜಗಳವೂ ‘ಟ್ಯಾಂಕ್ ಜಾಸ್ತಿ ಆಯ್ತು’ ಅನ್ನುವ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಶುದ್ಧ ಸಂಖ್ಯೆಯ ಜಗಳ ಅಪರೂಪ. ಅಜರ್‌ಬೈಜಾನ್‌ನದು ಅಂಥದ್ದು. ಅದಕ್ಕೂ ಆರ್ಮೇನಿಯಾಗೂ ಟ್ಯಾಂಕ್ ಮಿತಿ 220. ಅಜರ್‌ಬೈಜಾನ್ ಆ ಮಿತಿಯನ್ನು ದಾಟಿತ್ತು. ಎರಡೂ ದೇಶ ಕಾದಾಡುತ್ತಿದ್ದ ನಾಗೋರ್ನೋ-ಕರಾಬಾಖ್‌ನಲ್ಲಿ ಆರ್ಮೇನಿಯಾ ಲೆಕ್ಕ ತೋರಿಸದೆ ಸಾಮಗ್ರಿ ಇಟ್ಟಿದೆ ಎಂದು ಅಜರ್‌ಬೈಜಾನ್ ದೂರುತ್ತಿತ್ತು.

ಉಳಿದ ಜಗಳಗಳು ಬೇರೆ ಜಾತಿಯವು. ‘ಇದು ಟ್ಯಾಂಕೇ, ಆದರೆ ಎಣಿಸಬೇಕಾದ ಟ್ಯಾಂಕ್ ಅಲ್ಲ’ ಅನ್ನುವುದು ಒಂದು. ‘ಒಟ್ಟು ಸಂಖ್ಯೆ ಸರಿ, ಆದರೆ ನಿಂತಿರುವ ಜಾಗ ತಪ್ಪು’ ಅನ್ನುವುದು ಇನ್ನೊಂದು. ‘ನಮ್ಮ ನೆಲದಲ್ಲಿ ನಮ್ಮನ್ನು ಕೇಳದೆ ನಿಂತಿದ್ದೀರಿ’ ಅನ್ನುವುದು ಮೂರನೆಯದು. ಇದು 4ನೇ ಕಲಮಿನ 5ನೇ ಉಪಕಲಂ. ‘ನೋಡೋಕೇ ಬಿಡ್ತಿಲ್ಲ’ ಅನ್ನುವುದು ನಾಲ್ಕನೆಯದು.

ಮೊದಲ ಬಗೆಗೆ ಒಳ್ಳೆಯ ಉದಾಹರಣೆ ಸಹಿ ಬಿದ್ದ ಕೂಡಲೇ ಬಂತು. ಸೋವಿಯತ್ ಒಕ್ಕೂಟ ತನ್ನ ಮೂರು ಮೋಟಾರ್ ರೈಫಲ್ ಡಿವಿಜನ್‌ಗಳನ್ನು (ವಾಹನದಲ್ಲಿ ಸಾಗುವ ಪದಾತಿದಳ) ನೌಕಾಪಡೆಗೆ ವರ್ಗ ಮಾಡಿ, ‘ಇವು ಕರಾವಳಿ ಕಾವಲು ಪಡೆ’ ಎಂದಿತು. ಒಪ್ಪಂದ ನೌಕಾಪಡೆಯ ಬಗ್ಗೆ ಅಲ್ಲವಲ್ಲ, ಹಾಗಾಗಿ ಇವುಗಳ ಟ್ಯಾಂಕ್ ಲೆಕ್ಕಕ್ಕಿಲ್ಲ ಅನ್ನುವುದು ವಾದ. ಚಾಪೆ ಕೆಳಗೆ ತೂರುವವರನ್ನು ನೋಡಿದ್ದೇವೆ, ಇದು ರಂಗೋಲಿ ಕೆಳಗೆ ತೂರಿದ ಕೆಲಸ. ಉಳಿದ 21 ದೇಶಗಳೂ ಇದನ್ನು ಒಪ್ಪಲಿಲ್ಲ. ಅದರಲ್ಲಿ ನಿನ್ನೆ ಮೊನ್ನೆವರೆಗೆ ಮಾಸ್ಕೋ ಜೊತೆಗಿದ್ದ ಪೋಲೆಂಡ್, ಹಂಗೇರಿ ಕೂಡ ಸೇರಿದ್ದವು. 3ನೇ ಕಲಂ ಓದಿ. ಅದರಲ್ಲಿ ಬಿಟ್ಟಿರುವ ವಿನಾಯಿತಿಗಳ ಪಟ್ಟಿ ಇದೆ, ಆ ಪಟ್ಟಿಯಲ್ಲಿ ಕರಾವಳಿ ಕಾವಲು ಇಲ್ಲ. ಟ್ಯಾಂಕ್ ಮೇಲೆ ಯಾರ ಸಮವಸ್ತ್ರದವನು ಕೂತಿದ್ದಾನೆ ಅನ್ನುವುದು ಒಪ್ಪಂದಕ್ಕೆ ಬೇಕಿಲ್ಲ.

ಹಂತ 3: ತಾರೀಕು ಹಾಕಿ

ಒಂದು ಹಾಳೆ ತೆಗೆದು ಎಡಗಡೆ ಘಟನೆ, ಬಲಗಡೆ ಆ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿತ್ತು ಅಂತ ಬರೆಯಿರಿ. ಸುಮ್ನೆ ಹೇಳುತ್ತಿಲ್ಲ, ಅರ್ಧ ಗೊಂದಲ ಇಲ್ಲೇ ಕರಗುತ್ತದೆ.

ಎರಡು ಉದಾಹರಣೆ ಕೊಡುತ್ತೇನೆ. ಸಹಿ ಹಾಕುವ ಮುಂಚೆ ಸೋವಿಯತ್ ಸೇನೆ ಸಾವಿರಾರು ಟ್ಯಾಂಕ್, ಫಿರಂಗಿಗಳನ್ನು ರೈಲಿಗೆ ಹೇರಿ ಉರಲ್ ಆಚೆ ಸಾಗಿಸಿಬಿಟ್ಟಿತ್ತು. ಆಚೆ ಹೋದ ಮೇಲೆ ಒಪ್ಪಂದದ ಕೈಗೆ ಸಿಗುವುದಿಲ್ಲ. ಪಶ್ಚಿಮದಲ್ಲಿ ದೊಡ್ಡ ಗಲಾಟೆ ಆಯಿತು. ಆದರೆ ಸಹಿಗೆ ಮುಂಚೆ ಮಾಡಿದ್ದು ಅಕ್ಷರಶಃ ಉಲ್ಲಂಘನೆ ಅಲ್ಲ. ಮನಸ್ಸಿಗೆ ಒಪ್ಪದ ಕೆಲಸ, ಕಾಗದಕ್ಕೆ ಸರಿ ಹೋದ ಕೆಲಸ. ಕರಾವಳಿ ಡಿವಿಜನ್‌ಗಳದು ಹಾಗಲ್ಲ, ಅದು ಒಪ್ಪಂದದ ಜಾಗದ ಒಳಗೇ ಇತ್ತು. ಅದಕ್ಕೇ 1991ರ ಜೂನ್ 14ರಂದು ಮಾಸ್ಕೋ ಎರಡಕ್ಕೂ ಬೇರೆ ಬೇರೆ ತೂಕದ ಮಾತು ಕೊಟ್ಟಿತು. ಡಿವಿಜನ್‌ಗಳ ಸಾಮಗ್ರಿಯನ್ನು ಮಿತಿಯೊಳಗೆ ಸರಿದೂಗಿಸುವುದಾಗಿ ಕಾನೂನಿನ ಬಲದ ಮಾತು. ಉರಲ್ ಆಚೆಯ 14,500 ಸಾಮಗ್ರಿಗಳನ್ನು ನಾಶ ಮಾಡುವುದಾಗಿ ಅಥವಾ ಮಾರ್ಪಡಿಸುವುದಾಗಿ ರಾಜಕೀಯ ಮಾತು.

ಎರಡನೆಯದು ಚೆಚನ್ಯಾ, ರಷ್ಯಾದ ದಕ್ಷಿಣ ಅಂಚಿನ ಉತ್ತರ ಕಾಕಸಸ್‌ನಲ್ಲಿರುವ ಪ್ರದೇಶ. ರಷ್ಯಾದ ಸೇನೆ ಅಲ್ಲಿಗೆ ನುಗ್ಗಿದ್ದು 1994ರ ಡಿಸೆಂಬರ್‌ನಲ್ಲಿ. "ಆಗಲೇ ಸಿಎಫ್‌ಇ ಮುರಿಯಿತು" ಎಂದು ಬರೆಯುವವರಿದ್ದಾರೆ. ಆದರೆ ಮಿತಿಗಳು ಪೂರ್ತಿ ಜಾರಿಗೆ ಬರಬೇಕಿದ್ದದ್ದು 1995ರ ನವೆಂಬರ್‌ನಲ್ಲಿ. 1992ರ ಜುಲೈ 17ಕ್ಕೆ ಒಪ್ಪಂದ ತಾತ್ಕಾಲಿಕವಾಗಿ ಜಾರಿಯಾಯಿತು, ಅಲ್ಲಿಂದ 40 ತಿಂಗಳು ಎಣಿಸಿ ನೋಡಿ. ಮಿತಿ ಮೀರಿದ್ದು ಆ ಗಡುವು ಬಂದಾಗ, ಯುದ್ಧ ಶುರುವಾದಾಗ ಅಲ್ಲ.

ಹಂತ 4: ಇದು ಕಲಂನ ಮಾತೋ, ವೇದಿಕೆಯ ಮಾತೋ?

ನನ್ನ ಪ್ರಕಾರ ಇಡೀ ಕತೆಯ ತಿರುಳು ಇದೇ. ನಿಧಾನವಾಗಿ ಓದಿ.

1999ರಲ್ಲಿ ಇಸ್ತಾಂಬುಲ್‌ನಲ್ಲಿ ಪರಿಷ್ಕೃತ ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿನಲ್ಲೇ ರಷ್ಯಾ ಕೆಲವು ಮಾತು ಕೊಟ್ಟಿತು. ಮಾಲ್ಡೋವಾದಿಂದ ಒಪ್ಪಂದದ ಮಿತಿಗೆ ಬರುವ ಸಾಮಗ್ರಿಯನ್ನು 2001ರ ಕೊನೆಯೊಳಗೆ, ಸೈನಿಕರನ್ನು 2002ರ ಕೊನೆಯೊಳಗೆ ವಾಪಸ್ ಕರೆಸುವುದು. ಜಾರ್ಜಿಯಾದ ವಾಜಿಯಾನಿ ಮತ್ತು ಗುದೌತಾ ನೆಲೆಗಳನ್ನು 2001ರ ಜುಲೈ 1ರೊಳಗೆ ಮುಚ್ಚುವುದು. ಬಟುಮಿ, ಅಖಲ್‌ಕಲಾಕಿ ನೆಲೆಗಳ ಬಗ್ಗೆ ಮಾತುಕತೆ ಮಾಡುವುದು. ಇವಕ್ಕೆ ‘ಇಸ್ತಾಂಬುಲ್ ವಾಗ್ದಾನ’ ಎಂದು ಹೆಸರು.

ಮುಂದೆ ಆಗಿದ್ದು ಹೀಗೆ. ಮಾಲ್ಡೋವಾದಲ್ಲಿದ್ದ ಮಿತಿಯ ಸಾಮಗ್ರಿ ಗಡುವಿನೊಳಗೆ ಹೋಯಿತು. ಸೈನಿಕರು ಹೋಗಲಿಲ್ಲ, ಮಾಲ್ಡೋವಾದಿಂದ ಒಡೆದು ನಿಂತ ಟ್ರಾನ್ಸ್‌ನಿಸ್ಟ್ರಿಯಾದ ಕೊಬಾಸ್ನಾದಲ್ಲಿರುವ ಮದ್ದುಗುಂಡಿನ ದೊಡ್ಡ ದಾಸ್ತಾನೂ ಪೂರ್ತಿ ಖಾಲಿಯಾಗಲಿಲ್ಲ. ಜಾರ್ಜಿಯಾದ ಬಟುಮಿ, ಅಖಲ್‌ಕಲಾಕಿ 2007ರಲ್ಲಿ ಖಾಲಿಯಾದವು. ಗುದೌತಾ ಮುಚ್ಚಿದೆ ಎಂದು ರಷ್ಯಾ, ಇಲ್ಲ ಎಂದು ಜಾರ್ಜಿಯಾ. ಅದು ಜಾರ್ಜಿಯಾದಿಂದ ಒಡೆದು ನಿಂತ ಅಬ್ಖಾಜಿಯಾದ ಒಳಗಿದ್ದದ್ದರಿಂದ ಹೋಗಿ ನೋಡುವುದೂ ಸುಲಭ ಇರಲಿಲ್ಲ.

ನ್ಯಾಟೋ ದೇಶಗಳು ಹೇಳಿದ್ದು: ವಾಗ್ದಾನ ಪೂರ್ತಿ ಮಾಡಿ, ಆಮೇಲೆ ಪರಿಷ್ಕೃತ ಒಪ್ಪಂದಕ್ಕೆ ನಮ್ಮ ಸಂಸತ್ತುಗಳ ಒಪ್ಪಿಗೆ. ರಷ್ಯಾ ಹೇಳಿದ್ದು: ಆ ವಾಗ್ದಾನಗಳು ಒಪ್ಪಂದದ ಭಾಗವೇ ಅಲ್ಲ, ಮಾಲ್ಡೋವಾ ಮತ್ತು ಜಾರ್ಜಿಯಾ ಜೊತೆಗಿನ ನಮ್ಮ ಎರಡು ದೇಶಗಳ ವ್ಯವಹಾರ. ರಷ್ಯಾ ಸಂಸತ್ತು 2004ರಲ್ಲೇ ಒಪ್ಪಿಗೆ ಕೊಟ್ಟಿತ್ತು, ನ್ಯಾಟೋದ ಒಂದು ದೇಶವೂ ಕೊಡಲಿಲ್ಲ.

ಯಾರು ಸರಿ? ವಾಗ್ದಾನ ಒಪ್ಪಂದದ ಕಲಂ ಅಲ್ಲ ಅನ್ನುವುದು ನಿಜ. ಆದರೆ ಇನ್ನೊಬ್ಬರ ನೆಲದಲ್ಲಿ ಅವರ ಒಪ್ಪಿಗೆ ಇಲ್ಲದೆ ಸೇನೆ ಇಡಬಾರದು ಅನ್ನುವುದು 1990ರ ಮೂಲ ಒಪ್ಪಂದದಲ್ಲೇ ಇದೆ, ಆಗಲೇ ಹೇಳಿದ 4ನೇ ಕಲಂ. ನನ್ನ ಅಭಿಪ್ರಾಯ ಕೇಳಿದರೆ, ನ್ಯಾಟೋ ಆ ಕಲಂ ಹಿಡಿದು ವಾದ ಮಾಡಿದ್ದರೆ ಗಟ್ಟಿ ನಿಲ್ಲುತ್ತಿತ್ತು. ಅದನ್ನು ಹೊಸ ಒಪ್ಪಂದದ ಒಪ್ಪಿಗೆಗೆ ಗಂಟು ಹಾಕಿ, ಹಳೆಯದೂ ಕೈಬಿಡುವ ಹಾಗೆ ಮಾಡಿಕೊಂಡರು. ಇದನ್ನು ಒಪ್ಪದವರೂ ಇದ್ದಾರೆ, ಇರಲಿ.

ಎಚ್ಚರಿಕೆ: ಇದೇ ತಪ್ಪು ಆ ಕಡೆಯಿಂದಲೂ ಆಗುತ್ತದೆ. 1997ರ ನ್ಯಾಟೋ–ರಷ್ಯಾ ಸ್ಥಾಪನಾ ದಸ್ತಾವೇಜಿನಲ್ಲಿ, ಹೊಸ ಸದಸ್ಯರ ನೆಲದಲ್ಲಿ ‘ಗಣನೀಯ ಯುದ್ಧ ಪಡೆ’ಯನ್ನು ಕಾಯಂ ಆಗಿ ಇಡುವುದಿಲ್ಲ ಎಂಬ ಮಾತಿದೆ. ಗಣನೀಯ ಅಂದರೆ ಎಷ್ಟು? ಬರೆದಿಲ್ಲ. ರೊಮೇನಿಯಾ, ಬಲ್ಗೇರಿಯಾದಲ್ಲಿ ಅಮೆರಿಕನ್ ಸೈನಿಕರು ಬಂದಾಗ ರಷ್ಯಾ ಈ ಸಾಲನ್ನೇ ಎತ್ತಿತು. ಅದೂ ಸಿಎಫ್‌ಇ ಕಲಂ ಅಲ್ಲ. 2007ರಲ್ಲಿ ರಷ್ಯಾ ಸಿಟ್ಟಿಗೆದ್ದ ಹೊತ್ತಿನಲ್ಲಿ ಪೋಲೆಂಡ್, ಚೆಕ್ ದೇಶಗಳಲ್ಲಿ ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆ ಸುದ್ದಿಯಲ್ಲಿತ್ತು. ಕ್ಷಿಪಣಿ ತಡೆಗೂ ಸಿಎಫ್‌ಇಗೂ ಸಂಬಂಧವೇ ಇಲ್ಲ. ಸಿಟ್ಟಿನ ಕಾರಣ ಬೇರೆ, ದೂರಿನ ಕಲಂ ಬೇರೆ. ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಕೊಡಿ.

ಹಂತ 5: ಕಣ್ಣಾರೆ ನೋಡಿದವರು ಯಾರು?

ಪ್ರತಿ ದೇಶ ವರ್ಷಕ್ಕೊಮ್ಮೆ ತನ್ನ ಲೆಕ್ಕ ಕೊಡಬೇಕಿತ್ತು. ಜನವರಿ 1ಕ್ಕೆ ಯಾವ ಘಟಕದಲ್ಲಿ ಎಷ್ಟಿದೆ ಅಂತ. ಆಮೇಲೆ ಬೇರೆ ದೇಶದ ತಪಾಸಕರು ಬಂದು ನೋಡುತ್ತಿದ್ದರು. ದೇಶದ ಬಾಗಿಲಿಗೆ ಬರುವ 36 ಗಂಟೆ ಮುಂಚೆ ತಿಳಿಸಿದರೆ ಸಾಕಿತ್ತು. ಲೆಕ್ಕದಲ್ಲಿ ತೋರಿಸಿದ ತಾಣಕ್ಕೆ ಅವರನ್ನು ಬಿಡುವುದಿಲ್ಲ ಅನ್ನುವಂತಿರಲಿಲ್ಲ. ತೋರಿಸದ ಜಾಗವನ್ನು ನೋಡಬೇಕು ಅಂದರೆ ಅದು ‘ಸವಾಲು ತಪಾಸಣೆ’. ಅದನ್ನು ನಿರಾಕರಿಸಬಹುದಿತ್ತು. ಆದ್ದರಿಂದ "ತಪಾಸಣೆಗೆ ಅಡ್ಡಿ" ಎಂಬ ತಲೆಬರಹ ಕಂಡರೆ ಯಾವ ಬಗೆಯ ತಪಾಸಣೆ ಎಂದು ಕೇಳಿ. ಒಂದರಲ್ಲಿ ಅಡ್ಡಿ ಉಲ್ಲಂಘನೆ, ಇನ್ನೊಂದರಲ್ಲಿ ಹಕ್ಕು.

ಟ್ರಾನ್ಸ್‌ನಿಸ್ಟ್ರಿಯಾ, ಕರಾಬಾಖ್, ಅಬ್ಖಾಜಿಯಾ ಥರದ ಕಡೆ ಸರ್ಕಾರದ ಕೈಗೇ ಸಿಗದ ಸಾಮಗ್ರಿ ಇರುತ್ತಿತ್ತು. ವಿಯೆನ್ನಾದ ರಾಜತಾಂತ್ರಿಕರು ಇದನ್ನು ‘ಹಿಡಿತಕ್ಕೂ ಲೆಕ್ಕಕ್ಕೂ ಸಿಗದ ಸಾಮಗ್ರಿ’ ಎಂದು ಬೇರೆಯೇ ತಲೆಬರಹ ಹಾಕಿ ಚರ್ಚಿಸುತ್ತಿದ್ದರು. ಯಾರ ಖಾತೆಗೆ ಹಾಕಬೇಕು ಅನ್ನುವುದು ಬಗೆಹರಿಯಲೇ ಇಲ್ಲ.

ಇನ್ನೊಂದು ಮುಖ್ಯ ಗೆರೆ: 2007ರ ಡಿಸೆಂಬರ್ 12. ಅಲ್ಲಿಂದ ರಷ್ಯಾ ತಪಾಸಕರನ್ನು ಬಿಡಲಿಲ್ಲ. ಅದರ ನಂತರ ಯಾರಾದರೂ ರಷ್ಯಾದ ಟ್ಯಾಂಕ್ ಸಂಖ್ಯೆ ಹೇಳಿ ‘ಸಿಎಫ್‌ಇ ತಪಾಸಣೆಯಲ್ಲಿ ಕಂಡಿದ್ದು’ ಅಂದರೆ ನಂಬಬೇಡಿ.

ಹಂತ 6: ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ

‘ಹೊರಬಂದರು’, ‘ತಡೆಹಿಡಿದರು’, ‘ಪಾಲಿಸುವುದಿಲ್ಲ ಅಂದರು’. ಕನ್ನಡ ಸುದ್ದಿಯಲ್ಲಿ ಮೂರೂ ‘ರದ್ದು’ ಆಗಿಬಿಡುತ್ತವೆ. ಇವು ಒಂದೇ ಅಲ್ಲ.

ಹೊರಬರುವುದಕ್ಕೆ 19ನೇ ಕಲಂ ದಾರಿ ಕೊಟ್ಟಿದೆ. ಅಸಾಧಾರಣ ಕಾರಣ ತೋರಿಸಿ 150 ದಿನ ಮುಂಚೆ ನೋಟಿಸ್ ಕೊಡಬೇಕು. 2023ರಲ್ಲಿ ರಷ್ಯಾ ಮಾಡಿದ್ದು ಇದು. ಆದರೆ 2007ರಲ್ಲಿ ಅದು ಮಾಡಿದ್ದು ‘ತಡೆಹಿಡಿಯುವುದು’. ಪುಟಿನ್ ಏಪ್ರಿಲ್ 26ರಂದು ಸೂಚನೆ ಕೊಟ್ಟರು, ಜುಲೈನಲ್ಲಿ ಆದೇಶಕ್ಕೆ ಸಹಿ ಹಾಕಿದರು. ಒಪ್ಪಂದದಲ್ಲಿ ತಡೆಹಿಡಿಯುವ ಕಲಂ ಇಲ್ಲವೇ ಇಲ್ಲ. ಹಾಗಾಗಿ 2007ರಿಂದ 2023ರವರೆಗೆ ರಷ್ಯಾ ಒಳಗೂ ಇಲ್ಲ, ಹೊರಗೂ ಇಲ್ಲ ಅನ್ನುವ ಸ್ಥಿತಿ. 2011ರ ನವೆಂಬರ್‌ನಲ್ಲಿ ಅಮೆರಿಕ ‘ಪ್ರತಿಕ್ರಮ’ ಎಂದು ಹೆಸರಿಟ್ಟು ರಷ್ಯಾಕ್ಕೆ ಮಾತ್ರ ಲೆಕ್ಕ ಕೊಡುವುದು ನಿಲ್ಲಿಸಿತು, ಉಳಿದವರಿಗೆ ಕೊಡುತ್ತಾ ಹೋಯಿತು. ರಷ್ಯಾ ಹೊರಟ 2023ರ ನವೆಂಬರ್ 7ರಂದೇ ನ್ಯಾಟೋ ದೇಶಗಳು ತಾವೂ ತಡೆಹಿಡಿಯುತ್ತೇವೆ ಎಂದವು, ಹೊರಬಂದೆವು ಅನ್ನಲಿಲ್ಲ. ಪರೀಕ್ಷೆಯಲ್ಲಿ "ಅಮೆರಿಕ ಸಿಎಫ್‌ಇಯಿಂದ ಹೊರಬಂತು" ಅಂತ ಬರೆದರೆ ಅಂಕ ಹೋಗುತ್ತದೆ.

ಹಂತ 7: ದೂರು ಎಲ್ಲಿ ಹೋಯಿತು, ಹೇಗೆ ಮುಗಿಯಿತು?

ನ್ಯಾಯಾಲಯ ಇಲ್ಲ. ದಂಡ ಇಲ್ಲ. ಇರುವುದು ವಿಯೆನ್ನಾದ ಜಂಟಿ ಸಮಾಲೋಚನಾ ಗುಂಪು, ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಆರೋಪಿಯ ಸಹಿಯೂ ಬೇಕು! ಅದಕ್ಕೇ ಇಲ್ಲಿ ಜಗಳ ‘ಗೆಲ್ಲುವುದು’ ಅಂತ ಇಲ್ಲ, ರಾಜಿ ಅಥವಾ ಹಾಗೇ ಬಿಡುವುದು.

ರಾಜಿ ಹೇಗಿರುತ್ತದೆ ಅನ್ನುವುದಕ್ಕೆ ‘ಪಕ್ಕದ ವಲಯ’ದ ಜಗಳ ನೋಡಿ. ಮಧ್ಯ ಯುರೋಪಿನಿಂದ ತೆಗೆದ ಟ್ಯಾಂಕ್‌ಗಳನ್ನು ತಂದು ತಮ್ಮ ಬಾಗಿಲಲ್ಲಿ ನಿಲ್ಲಿಸಿಯಾರು ಎಂದು ನಾರ್ವೆ, ಟರ್ಕಿಗೆ ಭಯ. ಅದಕ್ಕೆ ಉತ್ತರ ಮತ್ತು ದಕ್ಷಿಣದ ಅಂಚುಗಳಿಗೆ 5ನೇ ಕಲಮಿನಲ್ಲಿ ಬೇರೆ, ಬಿಗಿ ಮಿತಿ. ಒಂದೇ ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಮೊದಲು ಹಿತ್ತಲಾಗಿದ್ದ ಉತ್ತರ ಕಾಕಸಸ್ ರಷ್ಯಾಕ್ಕೆ ಈಗ ಗಡಿಯಾಯಿತು. ಅಲ್ಲಿಗೂ ಉತ್ತರದ ಲೆನಿನ್‌ಗ್ರಾಡ್ ಕಡೆಗೂ ಸೇರಿಸಿ ರಷ್ಯಾಕ್ಕೆ ಸಿಕ್ಕ ಮಿತಿ ಸಕ್ರಿಯ ಘಟಕಗಳಲ್ಲಿ ಬರೀ 700 ಟ್ಯಾಂಕ್, 580 ಕವಚ ವಾಹನ. 1993ರಲ್ಲೇ ರಷ್ಯಾ ಅಧ್ಯಕ್ಷ ಯೆಲ್ಟ್‌ಸಿನ್ ಇದನ್ನು ಸಡಿಲಿಸಿ ಎಂದು ಪತ್ರ ಬರೆದರು. ಯಾರೂ ಅವಸರ ಮಾಡಲಿಲ್ಲ. 1995ರ ಗಡುವು ಬಂತು, ರಷ್ಯಾ ಮಿತಿ ಮೀರಿತ್ತು. ಇದು ಉಲ್ಲಂಘನೆಯೇ, ಸಂಶಯವಿಲ್ಲ.

ಪರಿಹಾರ ಏನು ಗೊತ್ತಾ? ಟ್ಯಾಂಕ್ ಎಲ್ಲ ಹಿಂದೆ ಹೋಗಲಿಲ್ಲ, ಗೆರೆ ಹಿಂದೆ ಹೋಯಿತು. 1996ರ ಮೇ 31ರಂದು ವಿಯೆನ್ನಾದಲ್ಲಿ ಒಪ್ಪಿದ ದಸ್ತಾವೇಜು ಪ್ಸ್‌ಕೋವ್, ವೋಲ್ಗೊಗ್ರಾಡ್, ಅಸ್ತ್ರಾಖಾನ್‌ನಂಥ ಪ್ರದೇಶಗಳನ್ನು ಪಕ್ಕದ ವಲಯದಿಂದ ಹೊರಗೆ ಹಾಕಿತು. ಹಳೆಯ ವಲಯದಲ್ಲಿ 1,800 ಟ್ಯಾಂಕ್, 3,700 ಕವಚ ವಾಹನ, 2,400 ಫಿರಂಗಿಗೆ ಇಳಿಸಲು 1999ರ ಮೇ 31ರವರೆಗೆ ಸಮಯ ಕೊಟ್ಟಿತು. ನಮ್ಮಲ್ಲಿ ಒತ್ತುವರಿ ಸಕ್ರಮ ಮಾಡುವುದಿಲ್ಲವೇ, ಹಾಗೆ. ಬೈಯಬಹುದು. ಆದರೆ ಈ ಒಪ್ಪಂದದಡಿ 50,000ಕ್ಕೂ ಹೆಚ್ಚು ಸಾಮಗ್ರಿ ನಾಶವಾಗಿತ್ತು, ತಪಾಸಣೆ ನಡೆಯುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಗೆರೆ ಜರುಗಿಸಿದ್ದು ಬುದ್ಧಿವಂತಿಕೆ ಎಂದೇ ನನಗನ್ನಿಸುತ್ತದೆ.

1990ರ ನಕ್ಷೆ ಬೇಕು ಎಂದಿದ್ದು ಇದಕ್ಕೇ. ಪೋಲೆಂಡ್ 1999ರಲ್ಲಿ ನ್ಯಾಟೋ ಸೇರಿತು, ಆದರೆ ಮೂಲ ಒಪ್ಪಂದದ ಕಾಗದದಲ್ಲಿ ಅದು ಕೊನೆಯವರೆಗೂ ಪೂರ್ವ ಬಣದಲ್ಲೇ ಇತ್ತು! ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ನ್ಯಾಟೋದಲ್ಲಿವೆ, ಸಿಎಫ್‌ಇಯಲ್ಲಿ ಯಾವತ್ತೂ ಇರಲಿಲ್ಲ. ಬಣಗಳ ಲೆಕ್ಕ ಹಳಸಿದೆ ಎಂಬ ರಷ್ಯಾದ ದೂರಿನಲ್ಲಿ ಹುರುಳಿತ್ತು. ಅದನ್ನು ಸರಿಪಡಿಸಬೇಕಿದ್ದ ಪರಿಷ್ಕೃತ ಒಪ್ಪಂದ ಹಂತ 4ರ ಗಂಟಿನಲ್ಲಿ ಸಿಕ್ಕಿಕೊಂಡಿತ್ತು.

ಹಂತ 8: ಮನೆ ಹತ್ತಿರದ ಕಾಗದದ ಮೇಲೆ ಕೈ ಪಳಗಿಸಿ

1996ರ ನವೆಂಬರ್ 29ರಂದು, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, ಭಾರತ ಮತ್ತು ಚೀನಾ ದೆಹಲಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ವಾಸ್ತವ ನಿಯಂತ್ರಣ ರೇಖೆಯ ಹತ್ತಿರ ಯಾವ ಬಗೆಯ ಆಯುಧ ಕಡಿಮೆ ಮಾಡಬೇಕು ಅನ್ನುವ ಪಟ್ಟಿ ಅದರಲ್ಲೂ ಇದೆ: ಟ್ಯಾಂಕ್, ಪದಾತಿದಳದ ಯುದ್ಧ ವಾಹನ, 75 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಫಿರಂಗಿ, 120 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಮಾರ್ಟರ್, ಕ್ಷಿಪಣಿ. ಸಿಎಫ್‌ಇಯ ನೆಂಟನ ಹಾಗೆ ಕಾಣುತ್ತದೆ, ಅಲ್ವಾ? ಗಲ್ವಾನ್ ಘರ್ಷಣೆಯ ನಂತರ "ಚೀನಾ 1996ರ ಒಪ್ಪಂದ ಮುರಿಯಿತು" ಎಂಬ ಮಾತು ನೀವೂ ಕೇಳಿರುತ್ತೀರಿ.

ಮೇಲಿನ ಏಳು ಹಂತ ಹಾಕಿ ನೋಡಿ. ಒಂದೊಂದು ಬಗೆಗೆ ಎಷ್ಟು ಮಿತಿ ಅನ್ನುವ ಅಂಕಿ ಹುಡುಕಿ, ಸಿಗುವುದಿಲ್ಲ, ಅದನ್ನು ಮುಂದೆ ಮಾತಾಡಿ ನಿರ್ಧರಿಸುವುದಾಗಿ ಬಿಟ್ಟಿದ್ದಾರೆ. ತಪಾಸಕರ ಕಲಂ ಹುಡುಕಿ, ವಿಯೆನ್ನಾದಲ್ಲಿದ್ದಂಥದ್ದು ಇಲ್ಲಿಲ್ಲ. ಆಮೇಲೆ 10ನೇ ಕಲಂ ತೆಗೆಯಿರಿ. ಈ ಒಪ್ಪಂದದ ಕೆಲವು ಅಂಶಗಳು ಪೂರ್ತಿ ಜಾರಿಯಾಗಬೇಕಾದರೆ ರೇಖೆ ಎಲ್ಲಿ ಹಾದುಹೋಗುತ್ತದೆ ಎಂಬುದರ ಬಗ್ಗೆ ಎರಡೂ ಕಡೆಯವರಿಗೆ ಒಂದೇ ತಿಳುವಳಿಕೆ ಬರಬೇಕು ಎಂದು ಅಲ್ಲಿದೆ. ಉತ್ತರ ಬರೆಯುವಾಗ ಮೊದಲ ಪ್ಯಾರಾ ಅಲ್ಲಿಂದಲೇ ಶುರು ಮಾಡಿ.